ಫ್ರಿಜ್ಜಿನ ಬಾಗಿಲಿನ ಎರಡು ಪೆನ್ನು

ಐದೂಮುಕ್ಕಾಲಿಗೆ ಕ್ರಿಸ್ಟೀನಾ ಮೂರನೆಯ ಸಲ ಫ್ರಿಜ್ಜಿನ ಬಾಗಿಲು ತೆಗೆದಳು. ತೆಗೆದುಕೊಳ್ಳಬೇಕಾದದ್ದು ಏನೂ ಇರಲಿಲ್ಲ. ಬಾಗಿಲಿನ ಮೇಲಿನ ಖಾನೆಯಲ್ಲಿ, ಒಣಗಿದ ಅರ್ಧ ನಿಂಬೆಹಣ್ಣಿನ ಪಕ್ಕ, ಎರಡು ಪೆನ್ನುಗಳು ಒಂದಕ್ಕೊಂದು ತಾಗಿಕೊಂಡು ಮಲಗಿದ್ದವು. ಬರೆಯುವ ಪೆನ್ನಲ್ಲ, ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಪೆನ್ನು. ಒಂದಕ್ಕೆ ಬಿಳಿ ಪಟ್ಟಿ ಅಂಟಿಸಿ ‘ಕ್ರಿ’ ಎಂದು ಬರೆದಿದ್ದಳು, ಇನ್ನೊಂದಕ್ಕೆ ‘ದ್ರಾ’; ಮಿಷನ್ ಶಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳ ನೀರಿನ ಬಾಟಲಿಗಳಿಗೆ ಹೆಸರು ಬರೆದು ಬರೆದು ಬಂದ ಚಾಳಿ ಅದು. ‘ದ್ರಾ’ ಪೆನ್ನಿನ ಸಣ್ಣ ಗಾಜಿನ ಕಿಟಕಿಯಲ್ಲಿ ಔಷಧ ಎಷ್ಟು ಉಳಿದಿದೆ ಎಂಬುದು ಕಾಣುತ್ತಿತ್ತು. ಇವತ್ತಿಗೆ ಒಂದೇ ದಿನದ್ದು ಉಳಿಯಬೇಕಿತ್ತು. ಎರಡು ದಿನದ್ದು ಉಳಿದಿತ್ತು. ದ್ರಾಕ್ಷಾಯಿಣಿ ಆರೂವರೆಗೆ ಬರುತ್ತಾಳೆ. ಅಷ್ಟರೊಳಗೆ ಗುಂಡಿ ತಿರುಗಿಸಿ ಹೆಚ್ಚಿನದನ್ನು ಬೇಸಿನ್ನಿಗೆ ಬಿಟ್ಟು ನಲ್ಲಿ ತೆರೆದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಒಳಗಿನ ತಣ್ಣನೆಯ ಗಾಳಿ ಮೊಣಕಾಲಿಗೆ ಬಡಿಯುತ್ತಿತ್ತು. ಅವಳು ಬಾಗಿಲು ಹಾಕಿದಳು, ಹಾಕಿದ ಮೇಲೂ ಹಿಡಿಕೆಯಿಂದ ಕೈ ತೆಗೆಯಲಿಲ್ಲ.

ಬೆಳಿಗ್ಗೆ ಗೋಕುಲ ರಸ್ತೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಜಯಮಾಲಾ ದ್ರಾಕ್ಷಾಯಿಣಿಯ ಸ್ಕ್ಯಾನ್ ನೋಡಿ ಹುಬ್ಬು ಗಂಟಿಕ್ಕಿದ್ದರು. ಕ್ರಿಸ್ಟೀನಾ ಅಲ್ಲೇ ಪರದೆಯ ಪಕ್ಕದಲ್ಲಿ ನಿಂತಿದ್ದಳು. ಒಬ್ಬಳೇ ಒಳಗೆ ಹೋಗಲು ಆ ಹುಡುಗಿಗೆ ಹೆದರಿಕೆ, ಪ್ರತಿ ಸಲವೂ ಕೈ ಹಿಡಿದು ಎಳೆದುಕೊಂಡೇ ಹೋಗುತ್ತಿದ್ದಳು. ಐದು ದಿನ ಇಂಜೆಕ್ಷನ್ ಆದ ಮೇಲೆ, ಅಂಡ ಬೆಳೆಯುವ ಆ ನೀರುಗುಳ್ಳೆಗಳು ಹತ್ತು ಮಿಲಿಮೀಟರಿಗಾದರೂ ಬಂದಿರಬೇಕಿತ್ತಂತೆ. ಇವಳವು ಇಪ್ಪತ್ತಕ್ಕೆ ಇಪ್ಪತ್ತೂ ಆರರ ಹತ್ತಿರ ಮೊಂಡು ಹಿಡಿದು ಕೂತಿದ್ದವು. ‘ನೂರಾ ಐವತ್ತು ಯೂನಿಟ್ಟಿಗೆ ಏಳವಲ್ಲವು. ಇವತ್ತಿಂದ ಎರಡನೂರಾ ಇಪ್ಪತ್ತೈದು ಮಾಡೋಣು,’ ಎಂದು ಡಾಕ್ಟರು ಫೈಲಿನಲ್ಲಿ ಬರೆದರು. ಬರೆಯುವಾಗ ಒಮ್ಮೆ ನಿಂತು, ಇಂಥ ಪ್ರಕೃತಿಯವರಿಗೆ ಇಷ್ಟು ಕೊಡಲು ತಮಗೇ ಮನಸ್ಸಿಲ್ಲ, ಆದರೆ ಬೇರೆ ದಾರಿಯಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಏಕೆ ಏಳಲಿಲ್ಲ ಎಂಬುದರ ಉತ್ತರ ಆ ಕೋಣೆಯಲ್ಲಿ ಕ್ರಿಸ್ಟೀನಾಳ ಬಲಗೈ ಹೆಬ್ಬೆರಳಿಗೆ ಮಾತ್ರ ಗೊತ್ತಿತ್ತು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನರ್ಸು, ‘ಈಗ ನೀವು ಮಲಕೋರಿ,’ ಎಂದಳು, ಅವಳು ಮಲಗಿದಳು. ಅವಳ ಪಾಲಿನದು ಮೂರು ಗುಳ್ಳೆ, ಅದರಲ್ಲಿ ಒಂದು ಮುಂದೆ ಓಡುತ್ತಿತ್ತು, ಎರಡು ಹಿಂದೆ. ಡಾಕ್ಟರು ‘ಇರಲಿ, ನೋಡೋಣು’ ಎಂದರು. ಪೇಲಾಗುವ ಹುಡುಗನ ತಾಯಿಗೆ ಶಾಲೆಯಲ್ಲಿ ಕ್ರಿಸ್ಟೀನಾ ಹೇಳುವ ಮಾತೇ ಅದು. ವಾಪಸು ಬರುವಾಗ ಆಟೋದಲ್ಲಿ ದ್ರಾಕ್ಷಾಯಿಣಿ ಅವಳ ಮೊಣಕೈ ಅಮುಕಿ, ತನ್ನ ಡೋಸೂ ಏರಿತು, ಅಕ್ಕಾರ ಹತ್ತಿರ ಹತ್ತಿರ ಬಂತು ಎಂದು ನಕ್ಕಿದ್ದಳು. ಏರಿದ್ದಕ್ಕೆ ಯಾರಾದರೂ ನಗುತ್ತಾರೆಯೇ ಎಂದು ಕ್ರಿಸ್ಟೀನಾಳಿಗೆ ಸಿಟ್ಟು ಬಂದಿತ್ತು.

ಈ ಹುಡುಗಿ ತನ್ನ ಮನೆಯೊಳಗೆ ಬಂದದ್ದಕ್ಕೆ ಸೈಮನ್‌ನ ಒಳ್ಳೆಯತನವೇ ಕಾರಣ. ಗಂಡನ ಒಳ್ಳೆಯತನ ಅವಳಿಗೆ ಎಷ್ಟೋ ಸಲ ಹೊರೆಯಾಗಿದೆ. ತಾರಿಹಾಳದ ವಾಲ್ವ್ ಕಾರ್ಖಾನೆಯಲ್ಲಿ ಸೈಮನ್ ಸೂಪರ್‌ವೈಸರ್, ಅವನ ಕೈಕೆಳಗೆ ಲೇತ್ ನಡೆಸುವವನು ಮಾಲತೇಶ, ಮಾಲತೇಶನ ಹೆಂಡತಿ ದ್ರಾಕ್ಷಾಯಿಣಿ. ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಮಾಲತೇಶ ಊಟದ ಹೊತ್ತಿನಲ್ಲಿ ಕಣ್ಣೀರು ಹಾಕಿದ್ದೇ ಸೈಮನ್ ಮಕ್ಕಳಿಗಾಗಿ ತಾವು ತೋರಿಸುತ್ತಿದ್ದ ಡಾಕ್ಟರ ಹೆಸರು ಹೇಳಿದ. ಒಂದು ಭಾನುವಾರ ಆರಾಧನೆ ಮುಗಿಸಿ ಬರುವಷ್ಟರಲ್ಲಿ ಗಂಡಹೆಂಡಿರಿಬ್ಬರೂ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ತೆಗೆದ ಅಂಡದಿಂದ ಲ್ಯಾಬಿನಲ್ಲಿ ಭ್ರೂಣ ಕಟ್ಟುವ ತಜ್ಞ ಬೆಂಗಳೂರಿನಿಂದ ತಿಂಗಳಿಗೆ ಒಂದೇ ವಾರ ಬರುವುದರಿಂದ ಆಸ್ಪತ್ರೆಯವರು ಎಲ್ಲರಿಗೂ ಮೊದಲೇ ಮಾತ್ರೆ ನುಂಗಿಸಿ, ಮುಟ್ಟನ್ನು ಒಂದೇ ದಿನಕ್ಕೆ ತಂದು ನಿಲ್ಲಿಸಿ, ‘ಬ್ಯಾಚು’ ಮಾಡುತ್ತಾರೆ. ಹೀಗೆ ಮೂವತ್ತೆಂಟರ ಕ್ರಿಸ್ಟೀನಾ ಮತ್ತು ಇಪ್ಪತ್ತಾರರ ದ್ರಾಕ್ಷಾಯಿಣಿ ಒಂದೇ ಬ್ಯಾಚಿನವರಾದರು. ಅವರ ಬಾಡಿಗೆ ಖೋಲಿಯಲ್ಲಿ ಫ್ರಿಜ್ಜಿಲ್ಲ. ಮಾಲಕಿಯ ಫ್ರಿಜ್ಜಿನಲ್ಲಿಟ್ಟರೆ ಸಂಜೆಯೊಳಗೆ ಕುಂದಗೋಳದ ಅತ್ತೆ ದುರಗವ್ವನ ಕಿವಿಗೆ ಹೋಗುತ್ತದೆ. ನಮ್ಮ ಮನೆಯಲ್ಲೇ ಇಡಿ ಎಂದು ಸೈಮನ್ ಹೇಳಿಯೇಬಿಟ್ಟ. ಅಷ್ಟೇ ಅಲ್ಲ, ಇವಳು ತಾಯಿಗೆ ಒಂಬತ್ತು ವರ್ಷ ಇನ್ಸುಲಿನ್ ಕೊಟ್ಟವಳು, ಇವಳೇ ಚುಚ್ಚುತ್ತಾಳೆ ಎಂದೂ ಸೇರಿಸಿದ. ತಾಯಿ ಆಲಿಸ್ ಸಾಯುವ ತನಕ ಮಗಳ ಕೈ ಬಿಟ್ಟು ಇನ್ನೊಬ್ಬರ ಕೈಯಲ್ಲಿ ಸೂಜಿ ಹಾಕಿಸಿಕೊಂಡಿರಲಿಲ್ಲ. ಆ ಹೆಮ್ಮೆಯೊಂದು ಇತ್ತಲ್ಲ, ಅದಕ್ಕೇ ಅವಳೂ ಹೂಂ ಅಂದಳು.

ಡೋಸು ಗೊತ್ತುಮಾಡುವ ದಿನ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಿದ್ದರು. ಕ್ರಿಸ್ಟೀನಾಳಿಗೆ ಮುನ್ನೂರು, ದ್ರಾಕ್ಷಾಯಿಣಿಗೆ ನೂರಾ ಐವತ್ತು. ಕೇಳಿದ ತಕ್ಷಣ, ಈಗ ನೆನೆದರೆ ನಾಚಿಕೆಯಾಗುತ್ತದೆ, ಕ್ರಿಸ್ಟೀನಾಳಿಗೆ ಖುಷಿಯಾಗಿತ್ತು. ಪಂಕ್ತಿಯಲ್ಲಿ ತನ್ನ ಎಲೆಗೆ ಒಂದು ಹೋಳಿಗೆ ಹೆಚ್ಚು ಬಿದ್ದಂತೆ. ದ್ರಾಕ್ಷಾಯಿಣಿಯ ಮುಖ ಸಪ್ಪಗಾಗಿ, ತನಗೇಕೆ ಅರ್ಧ ಎಂದು ಕೇಳಿದಳು. ಡಾಕ್ಟರು ಒಂದು ಹಾಳೆಯಲ್ಲಿ ಎರಡು ದೊಡ್ಡ ವೃತ್ತ ಬರೆದು, ಒಂದರ ತುಂಬ ಚುಕ್ಕೆ ಇಟ್ಟರು, ಇನ್ನೊಂದರಲ್ಲಿ ನಾಲ್ಕು. ‘ವಯಸ್ಸು ನೋಡ್ತೀವಿ, ತತ್ತಿ ಎಷ್ಟು ಉಳದಾವ ಅಂತ ತೋರಸೂ ರಕ್ತದಾಗಿನ ಎ.ಎಂ.ಎಚ್. ನೋಡ್ತೀವಿ, ಸ್ಕ್ಯಾನಿನಾಗ ಗುಳ್ಳಿ ಎಣಿಸ್ತೀವಿ. ಇದ್ದಾಕಿಗೆ ಸ್ವಲ್ಪ ಸಾಕು, ಇಲ್ಲದಾಕಿಗೆ ಹೆಚ್ಚು ಬೇಕು,’ ಎಂದರು. ಅವರು ಯಾರನ್ನೂ ನೋಯಿಸಲು ಹೇಳಿದ್ದಲ್ಲ. ಆದರೆ ‘ಇಲ್ಲದಾಕಿ’ ಎಂಬ ಮಾತು ಕ್ರಿಸ್ಟೀನಾಳ ಮಡಿಲಿಗೆ ಬಿದ್ದು ಅಲ್ಲೇ ಕೂತಿತು. ದ್ರಾಕ್ಷಾಯಿಣಿಯಂಥವರಿಗೆ ಹೆಚ್ಚು ಕೊಟ್ಟರೆ ಎಲ್ಲ ಒಮ್ಮೆಲೇ ಎದ್ದು, ಹೊಟ್ಟೆಯಲ್ಲಿ ನೀರು ತುಂಬಿ, ಉಸಿರಾಡುವುದೇ ಕಷ್ಟವಾಗುತ್ತದೆಂದೂ, ಹೋದ ವರ್ಷ ಒಬ್ಬಳನ್ನು ನಾಲ್ಕು ದಿನ ಐಸಿಯುನಲ್ಲಿ ಇಡಬೇಕಾಯಿತೆಂದೂ ಡಾಕ್ಟರು ಹೇಳಿದರು. ಕ್ರಿಸ್ಟೀನಾಳಿಗೆ ಆ ಅಪಾಯದ ಮೇಲೂ ಹೊಟ್ಟೆಕಿಚ್ಚಾಯಿತು. ಅದು ಇದ್ದವರಿಗೆ ಬರುವ ಅಪಾಯ. ತನಗೆ ಹೋದ ವರ್ಷ, ಮೊದಲು ಮೂರು ವಾರ ಔಷಧದಿಂದ ಅಂಡಾಶಯವನ್ನು ಮಲಗಿಸಿ ಆಮೇಲೆ ಎಬ್ಬಿಸುವ ಉದ್ದನೆಯ ಪದ್ಧತಿಯಲ್ಲಿ, ಸಿಕ್ಕದ್ದು ಮೂರು ಅಂಡ, ಕಟ್ಟಿದ್ದು ಒಂದು ಭ್ರೂಣ, ಅದೂ ನಿಲ್ಲಲಿಲ್ಲ. ಅದಕ್ಕೇ ಈ ಸಲ ಪದ್ಧತಿ ಬದಲಿಸಿದ್ದೇವೆ ಎಂದರು ಡಾಕ್ಟರು. ಬದಲಿಸಬೇಕಾದದ್ದು ಪದ್ಧತಿಯಲ್ಲ, ತಾನೇ ಎಂದು ಅವಳಿಗೆ ಕೇಳಿಸಿತು.

ಕೇಳಿಸುವುದು ಹೊಸದೇನಲ್ಲ. ಗುರುವಾರದ ಮಹಿಳಾ ಕೂಟದಲ್ಲಿ ಸ್ಟೆಲ್ಲಾ ಆಂಟಿ, ಹನ್ನಳ ಮೊರೆ ಕೇಳಿ ಮಗುವನ್ನು ಕೊಟ್ಟ ಕರ್ತನೇ ಎಂದು ಶುರುಮಾಡಿದರೆ ಇಡೀ ಸಾಲು ಕಣ್ಣು ಮುಚ್ಚಿಕೊಂಡೇ ಅವಳ ಕಡೆ ತಿರುಗುತ್ತದೆ. ಕ್ರಿಸ್ಮಸ್ ನಾಟಕದ ಗೋದಲಿಯಲ್ಲಿ ಮಲಗಿಸುವ ಮಗುವಿನ ಗೊಂಬೆ ವರ್ಷವಿಡೀ ಅವಳ ಕಪಾಟಿನಲ್ಲೇ ಇರುತ್ತದೆ, ಬಿಳಿ ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ. ಬೇರೆಯವರ ಮನೆಯಲ್ಲಿ ಮಕ್ಕಳು ಕೈಕಾಲು ಮುರಿದುಹಾಕುತ್ತವೆಂದು ಅಲ್ಲಿಟ್ಟಿದ್ದಾರೆ. ನಿಜ, ಅವಳ ಮನೆಯಲ್ಲಿ ಹನ್ನೊಂದು ವರ್ಷದಿಂದ ಅದರ ಒಂದು ಬೆರಳೂ ಮುರಿದಿಲ್ಲ. ಒಮ್ಮೆ ಸೈಮನ್ ಅಂಗಿ ಹುಡುಕುತ್ತ ಆ ಗಂಟನ್ನು ಕೈಯಲ್ಲಿ ಹಿಡಿದು, ಎಲ್ಲಿಡಲಿ ಎಂದು ತಿಳಿಯದೆ ನಿಂತುಬಿಟ್ಟಿದ್ದ. ಆಮೇಲೆ ತೀರ ಮೆಲ್ಲಗೆ, ತಲೆಗೆ ಕೈ ಕೊಟ್ಟು, ವಾಪಸು ಇಟ್ಟ. ಅವನು ತಲೆಗೆ ಕೈ ಕೊಟ್ಟದ್ದನ್ನು ಅವಳು ಬಾಗಿಲ ಹೊರಗಿನಿಂದ ನೋಡಿದ್ದಳು. ಈ ಒಂದು ವಾರದಿಂದ ಊಟದ ಮುಂಚಿನ ಪ್ರಾರ್ಥನೆಯಲ್ಲಿ ಅವನು ‘ಈ ಇಬ್ಬರು ಸಹೋದರಿಯರನ್ನು’ ಎನ್ನುತ್ತಿದ್ದಾನೆ. ಹನ್ನೊಂದು ವರ್ಷ ತನ್ನೊಬ್ಬಳದಾಗಿದ್ದ ಪ್ರಾರ್ಥನೆಯಲ್ಲೂ ದ್ರಾಕ್ಷಾಯಿಣಿ ಪಾಲು ತೆಗೆದುಕೊಂಡಳು.

ಆದರೂ ಮೊದಲೆರಡು ಸಂಜೆ ಕ್ರಿಸ್ಟೀನಾ ಸರಿಯಾಗಿಯೇ ಕೊಟ್ಟಿದ್ದಳು. ದ್ರಾಕ್ಷಾಯಿಣಿ ಮಂಚದ ಅಂಚಿಗೆ ಕೂತು, ಸೀರೆಯ ನೆರಿಗೆ ಸಡಿಲಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಮುಖವನ್ನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿಸುತ್ತಿದ್ದಳು. ಪೆನ್ನಿನ ಹಿಂದಿನ ಗುಂಡಿ ತಿರುಗಿಸಿದರೆ ಇಪ್ಪತ್ತೈದಕ್ಕೊಂದರಂತೆ ಟಿಕ್ ಎನ್ನುತ್ತದೆ. ಆರು ಟಿಕ್ಕಿಗೆ ನೂರಾ ಐವತ್ತು. ಆ ಹೊಟ್ಟೆಯ ಮೇಲೆ ಒಂದು ಕಲೆ ಇರಲಿಲ್ಲ. ಕ್ರಿಸ್ಟೀನಾಳ ಹೊಟ್ಟೆಯ ಮೇಲೆ ಹೋದ ವರ್ಷ ಚುಚ್ಚಿದ ಕಲೆಗಳೇ ಇನ್ನೂ ಪೂರ್ತಿ ಹೋಗಿರಲಿಲ್ಲ. ‘ಅಕ್ಕಾರ, ನಿಮ್ಮ ಕೈಗುಣ ಛಲೋ ಐತ್ರಿ, ಇರುವಿ ಕಚ್ಚಿದಂಗೂ ಆಗಲಿಲ್ಲ,’ ಎನ್ನುತ್ತಿದ್ದಳು ಹುಡುಗಿ, ಪ್ರತಿ ಸಲವೂ, ಬೆರಗಿನಿಂದ. ಮೂರನೆಯ ಸಂಜೆ, ಕ್ರಿಸ್ಟೀನಾ ಗುಂಡಿ ತಿರುಗಿಸುತ್ತಿದ್ದಾಗ, ಗೋಡೆಯ ಕಡೆ ಮುಖ ಮಾಡಿಕೊಂಡೇ ಅವಳು ಮಾತು ತೆಗೆದಳು. ‘ನನಗ ಇಪ್ಪತ್ತು ಬಂದ್ರೂ ಬರಬಹುದು ಅಂತ ಹೇಳ್ಯಾರ ಡಾಕ್ಟರು. ಅಷ್ಟು ಯಾಕ ಬೇಕ್ರಿ ನನಗ? ಉಳದ್ರ ನಿಮಗ ಕೊಡ್ತೇನಿ, ಅಕ್ಕಾರ.’

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಕ್ರಿಸ್ಟೀನಾಳಿಗೆ ಎಷ್ಟೋ ಸಲೀಸಾಗುತ್ತಿತ್ತು. ಮಿಕ್ಕ ರೊಟ್ಟಿಯನ್ನು ನೆರೆಮನೆಗೆ ಕೊಡುವ ಧ್ವನಿಯಲ್ಲಿ ಹೇಳಿದ ಮಾತು ಅದು, ಹಾಗೆ ಕೊಡಲು ಬರುವುದಿಲ್ಲ, ಅದಕ್ಕೆಲ್ಲ ಕಾಯ್ದೆಯಿದೆ ಎಂಬುದೂ ಗೊತ್ತಿಲ್ಲದ ಹುಡುಗಿ. ಕ್ರಿಸ್ಟೀನಾಳ ಕಿವಿ ಬಿಸಿಯಾಯಿತು. ಗುಂಡಿ ನಾಲ್ಕನೆಯ ಟಿಕ್ಕಿನಲ್ಲಿತ್ತು. ಇನ್ನೆರಡು ತಿರುಗಬೇಕಿತ್ತು, ಬೆರಳು ತಿರುಗಲಿಲ್ಲ. ಅಷ್ಟನ್ನೇ ಚುಚ್ಚಿದಳು, ಹತ್ತರವರೆಗೆ ಎಣಿಸಿ ಸೂಜಿ ತೆಗೆದಳು, ಹತ್ತಿಯಿಂದ ಒತ್ತಿದಳು. ಹುಡುಗಿ ಕೈಗುಣದ ಮಾತು ಹೇಳಿ ಹೋದಳು. ಅವತ್ತು ಸೈಮನ್‌ನೊಂದಿಗೆ ಊಟಕ್ಕೆ ಕೂತಾಗ ಅವಳು ಒಂದು ಚಪಾತಿ ಹೆಚ್ಚಿಗೆ ತಿಂದಳು. ಮರುದಿನವೂ ನಾಲ್ಕು, ಅದರ ಮರುದಿನವೂ ನಾಲ್ಕು. ಹೆಚ್ಚು ಕೊಟ್ಟರೆ ತಾನೇ ಅಪಾಯ, ಕಡಿಮೆಯಿಂದ ಏನಾಗುತ್ತದೆ ಎಂದು ತನಗೆ ತಾನೇ ವಕೀಲಿ ಮಾಡಿಕೊಂಡಳು. ದ್ರಾಕ್ಷಾಯಿಣಿಗೆ ಮಗು ಆಗಬಾರದೆಂದು ಅವಳು ಒಂದು ಕ್ಷಣವೂ ಬಯಸಿರಲಿಲ್ಲ, ಇದು ಖರೆ. ಇಪ್ಪತ್ತರ ಬದಲು ಏಳೋ ಎಂಟೋ ಬರಲಿ, ಕೊಡುತ್ತೇನೆ ಎನ್ನುವಷ್ಟು ಉಳಿಯದಿರಲಿ, ಇಷ್ಟೇ. ಅಸೂಯೆಗೂ ಒಂದು ಅಳತೆ ಇಟ್ಟುಕೊಂಡಿದ್ದಳು ಟೀಚರು.

ಡಾಕ್ಟರು ನೋಡುತ್ತಾರೆ, ನೋಡಿದ್ದನ್ನು ನಂಬುತ್ತಾರೆ, ನಂಬಿ ಮುಂದಿನದನ್ನು ಗೊತ್ತುಮಾಡುತ್ತಾರೆ ಎಂಬುದು ಮಾತ್ರ ಅವಳ ಅಳತೆಯಲ್ಲಿ ಇರಲಿಲ್ಲ. ದಿನಾ ಕರಿಹಲಗೆಯ ಮುಂದೆ ನಿಲ್ಲುವವಳಿಗೆ ಇದು ಹೊಳೆಯಬೇಡವೇ? ಮೊದಲ ಸಾಲು ತಪ್ಪಿದರೆ ಕೆಳಗಿನ ಸಾಲುಗಳೆಲ್ಲ ತಪ್ಪುತ್ತವೆ. ನೂರರ ಡೋಸಿಗೆ ಆರು ಮಿಲಿಮೀಟರು ಬೆಳೆದ ದೇಹವನ್ನು ಡಾಕ್ಟರು ನೂರಾ ಐವತ್ತಕ್ಕೂ ಏಳದ ದೇಹ ಎಂದು ಬರೆದುಕೊಂಡರು. ಇನ್ನು ಎರಡುನೂರಾ ಇಪ್ಪತ್ತೈದು ಬಿದ್ದರೆ ಆ ಇಪ್ಪತ್ತೂ ಒಟ್ಟಿಗೆ ಏಳುತ್ತವೆ. ಹೇಳದೆ ಸುಮ್ಮನೆ ನೂರಾ ಐವತ್ತೇ ಕೊಟ್ಟರೆ? ಆಗ ಇನ್ನೊಂದು ಸುಳ್ಳು ಫೈಲಿಗೆ ಸೇರುತ್ತದೆ, ಅದರ ಮೇಲೆ ನಾಳಿದ್ದಿನ ಡೋಸು ಗೊತ್ತಾಗುತ್ತದೆ. ಹೇಳಿದರೆ? ಸೈಮನ್‌ಗೆ ತಿಳಿಯುತ್ತದೆ, ಮಾಲತೇಶನಿಗೆ ತಿಳಿಯುತ್ತದೆ, ಕಾರ್ಖಾನೆಯಲ್ಲಿ ಇಬ್ಬರೂ ಒಂದೇ ಮೇಜಿನ ಮುಂದೆ ಡಬ್ಬಿ ಬಿಚ್ಚುತ್ತಾರೆ. ಡಾಕ್ಟರು ತನ್ನ ಫೈಲನ್ನೂ ಮುಚ್ಚಿಬಿಡಬಹುದು. ಆ ಮೂರು ಗುಳ್ಳೆ, ಅದರಲ್ಲಿ ಮುಂದೆ ಓಡುತ್ತಿರುವ ಆ ಒಂದು. ಹೊರಗೆ ಗೇಟಿನ ಚಿಲಕ ಸದ್ದಾಯಿತು.

ದ್ರಾಕ್ಷಾಯಿಣಿ ಒಂದು ಕೈಯಲ್ಲಿ ಹಕ್ಕರಕಿ ಸೊಪ್ಪಿನ ಸಿವುಡು, ಇನ್ನೊಂದು ಕೈಯಲ್ಲಿ ಮಂಜುಗಡ್ಡೆಯ ಚೀಲದಲ್ಲಿಟ್ಟ ಹೊಸ ಪೆನ್ನು ಹಿಡಿದು ಬಂದಳು. ಇವತ್ತಿಗೆ ಹಳೆಯದು ಸಾಲುವುದಿಲ್ಲವೆಂದು ಔಷಧದ ಅಂಗಡಿಯವನು ಲೆಕ್ಕ ಹಾಕಿ ಕೊಟ್ಟನಂತೆ. ಸೊಪ್ಪನ್ನು ಮಂಚದ ಮೇಲಿಟ್ಟು, ಎಂದಿನಂತೆ ಕೂತು, ಗೋಡೆಯ ಕಡೆ ತಿರುಗಿದಳು. ಕ್ರಿಸ್ಟೀನಾ ಹಳೆಯ ಪೆನ್ನಿಗೇ ಹೊಸ ಸೂಜಿ ಸಿಕ್ಕಿಸಿ ಗುಂಡಿ ತಿರುಗಿಸಿದಳು. ಒಂಬತ್ತು ಟಿಕ್ ಆಗಬೇಕು. ಆರಕ್ಕೆ ಬೆರಳು ನಿಂತಿತು. ಎದುರಿಗೆ ಹುಡುಗಿಯ ಹೊಟ್ಟೆ ಉಸಿರಿಗೆ ತಕ್ಕಂತೆ ಏರಿ ಇಳಿಯುತ್ತಿತ್ತು, ಅದರೊಳಗೆ ನೀರು ತುಂಬಿದರೆ ಉಸಿರು ಹೇಗೆ ಏರುತ್ತದೆ ಎಂದು ಅವಳು ಯೋಚಿಸಿದಳು. ಗುಂಡಿಯನ್ನು ಹಿಂದಕ್ಕೆ, ಸೊನ್ನೆಯವರೆಗೆ, ತಿರುಗಿಸಿದಳು.

‘ಈ ಕಡಿ ತಿರುಗು, ದ್ರಾಕ್ಷಾಯಿಣಿ. ಮೂರು ದಿನ ನಾ ನಿನಗ ಕಡಿಮಿ ಹಾಕೇನಿ. ನೂರಾ ಐವತ್ತಲ್ಲ, ನೂರು. ಅದಕ್ಕ ಬೆಳದಿಲ್ಲ ಅವು.’

ದ್ರಾಕ್ಷಾಯಿಣಿ ಕಣ್ಣು ತೆರೆದಳು. ಸೀರೆ ಸರಿಮಾಡಿಕೊಂಡಳು. ಕೂಗುತ್ತಾಳೆ, ಅಳುತ್ತಾಳೆ, ಎದ್ದು ಹೋಗುತ್ತಾಳೆ ಎಂದೆಲ್ಲ ಕ್ರಿಸ್ಟೀನಾ ಕಾಯುತ್ತಿದ್ದಳು.

‘ಗೊತ್ತೈತ್ರಿ,’ ಎಂದಳು ಹುಡುಗಿ. ‘ಕಣ್ಣ ಮುಚ್ಚೇನಿ ಅಂದ್ರ ಕಿವಿ ಮುಚ್ಚತಾವೇನ್ರಿ? ಹೆದರಿಕಿಗೆ ಎಣಿಸ್ಕೋಂತ ಕುಂಡ್ರತಿದ್ದೆ. ಮೊದಲ ಎರಡು ದಿನ ಆರು ಸಲ ಸಪ್ಪಳ ಆತು, ಆಮ್ಯಾಲ ನಾಕ.’

‘ಗೊತ್ತಿದ್ದೂ ಯಾಕ ಸುಮ್ಮನಿದ್ದಿ?’

‘ಉಳದದ್ದು ನೀವು ಹಾಕ್ಕೊಳ್ಳಾಕತ್ತೀರಿ ಅಂತ ತಿಳಕೊಂಡಿದ್ದೆ.’ ಅವಳು ಸೊಪ್ಪಿನ ಸಿವುಡಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು. ‘ತತ್ತಿ ಕೊಡ್ತೇನಿ ಅಂದಾಗ ನಿಮ್ಮ ಮಾರಿ ಸಣ್ಣದಾಗಿತ್ತು. ಕೇಳಾಕ ನಾಚಿಕಿ ಇರಬೇಕು, ಔಷಧನಾರ ತಗೊಳ್ಳಲಿ, ಅಕ್ಕನ ಪಾಲು ಅಂತ ಬಿಟ್ಟೆ. ಮುಂಜಾನೆ ಡಾಕ್ಟರು ಏರಿಸಿದ್ರಲ್ಲ, ಇನ್ನ ಇಬ್ಬರಿಗೂ ಸಾಲ್ತೈತಿ ಅಂತ ಖುಷಿ ಆತು ನನಗ.’

ಆಟೋದಲ್ಲಿನ ಆ ನಗು. ಕ್ರಿಸ್ಟೀನಾ ಪೆನ್ನನ್ನು ಮುಂದೆ ಚಾಚಿದಳು. ದ್ರಾಕ್ಷಾಯಿಣಿ ಅದನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಉಳಿದದ್ದೆಲ್ಲ ಹಾಗೇ ಇತ್ತು, ಯಾರ ಹೊಟ್ಟೆಗೂ ಹೋಗದೆ.

‘ನೀವು ತಗೊಂಡಿಲ್ಲೇನ್ರಿ?’ ಎಂದಳು. ‘ಮತ್ತ ಯಾಕ?’

ಕದ್ದಿದ್ದರೆ ಚೆನ್ನಾಗಿತ್ತು ಎಂದು ಕ್ರಿಸ್ಟೀನಾಳಿಗೆ ಅನಿಸಿತು. ಕಳ್ಳತನಕ್ಕೆ ಒಂದು ಹಸಿವಾದರೂ ಇರುತ್ತದೆ. ಈ ಹುಡುಗಿ ಆ ಹಸಿವನ್ನು ಆಗಲೇ ಮನ್ನಿಸಿಬಿಟ್ಟಿದ್ದಳು. ಹೇಳಲು ಉಳಿದದ್ದು ಒಂದೇ ಮಾತು. ‘ಹೊಟ್ಟಿಕಿಚ್ಚಿಗೆ,’ ಎಂದಳು. ‘ನಿನಗ ಅಷ್ಟು ಬರೂದು ನೋಡಾಕ ನನ್ನ ಕೈಲೆ ಆಗಲಿಲ್ಲ.’

ಡಾಕ್ಟರಿಗೆ ಫೋನು ಮಾಡಿದವಳೂ ಅವಳೇ. ಹುಡುಗಿಯ ಎದುರಿಗೇ, ಯಾವ ಯಾವ ದಿನ ಎಷ್ಟೆಷ್ಟು ಎಂದು ಹೇಳಿದಳು, ಕಾರಣವನ್ನೂ ಹೇಳಿದಳು. ಆಮೇಲೆ ಡಾಕ್ಟರು, ಇವತ್ತು ನೂರಾ ಐವತ್ತೇ ಕೊಡಬೇಕು, ನಾಳೆ ಬೆಳಿಗ್ಗೆ ಇಬ್ಬರೂ ಬರಬೇಕು ಎಂದರು. ಕ್ರಿಸ್ಟೀನಾಳ ವಿಷಯ ನಾಳೆಯೇ ಮಾತಾಡುವುದಾಗಿ ಹೇಳಿ, ಪೆನ್ನನ್ನು ಆಕಿಯ ಕೈಯಲ್ಲಿ ಕೊಡಿ ಎಂದು ಫೋನಿಟ್ಟರು. ಪೆನ್ನು ಆಗಲೇ ಅವಳ ಕೈಯಲ್ಲಿತ್ತು. ದ್ರಾಕ್ಷಾಯಿಣಿ ತಾನೇ ಆರು ಟಿಕ್ ತಿರುಗಿಸಿದಳು, ಚರ್ಮವನ್ನು ಹಿಡಿದಳು, ಸೂಜಿಯನ್ನು ಹತ್ತಿರ ತಂದಳು. ಕೈ ದೂರ ಹೋಯಿತು. ಮತ್ತೆ ತಂದಳು, ಮತ್ತೆ ಹೋಯಿತು. ಗಡಿಯಾರ ಏಳರ ಹತ್ತಿರ ಬಂದಿತ್ತು. ಕೊನೆಗೆ ಅವಳು ಪೆನ್ನನ್ನು ಕ್ರಿಸ್ಟೀನಾಳ ಕಡೆ ಚಾಚಿದಳು. ಕೊಡುವ ಮುಂಚೆ ಗುಂಡಿಯ ಪಕ್ಕದ ಅಂಕಿಯನ್ನು ಇನ್ನೊಮ್ಮೆ ಓದಿದಳು, ಬಾಯಿಬಿಟ್ಟು, ಶಾಲೆಯ ಮಗುವಿನ ಹಾಗೆ. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಸೂಜಿ ಒಳಗೆ ಹೋಗುವುದನ್ನೂ, ಹೆಬ್ಬೆರಳು ಗುಂಡಿಯನ್ನು ಕೊನೆಯವರೆಗೆ ಒತ್ತುವುದನ್ನೂ ಕಣ್ಣು ಮಿಟುಕಿಸದೆ ನೋಡಿದಳು.

‘ನೋವಾತೇನು?’ ಎಂದು ಕೇಳಿದಳು ಕ್ರಿಸ್ಟೀನಾ. ಈ ಪ್ರಶ್ನೆಯನ್ನು ಅವಳಿಗೆ ಹಿಂದೆಂದೂ ಕೇಳಬೇಕಾಗಿ ಬಂದಿರಲಿಲ್ಲ.

‘ಹೂಂ. ಇವತ್ತ ನೋವಾತು.’

ದ್ರಾಕ್ಷಾಯಿಣಿ ಎದ್ದು, ಹಳೆಯ ಪೆನ್ನು, ಹೊಸ ಪೆನ್ನು ಎರಡನ್ನೂ ಮಂಜುಗಡ್ಡೆಯ ಚೀಲದಲ್ಲಿ ಹಾಕಿಕೊಂಡು ಬಾಗಿಲವರೆಗೆ ಹೋದಳು. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಒಂದು ಗಳಿಗೆ ನೋಡುತ್ತ ನಿಂತು, ವಾಪಸು ಬಂದು, ಫ್ರಿಜ್ಜು ತೆಗೆದು, ನಿಂಬೆಹಣ್ಣಿನ ಪಕ್ಕದಲ್ಲಿ, ‘ಕ್ರಿ’ ಪೆನ್ನಿಗೆ ತಾಗದಂತೆ ಇಟ್ಟಳು. ‘ಮನ್ಯಾಗ ಫ್ರಿಜ್ ಇದ್ದಿದ್ರ ಒಯ್ತಿದ್ದೆ,’ ಎಂದಳು. ‘ನಾಳಿ ಬರ್ತೇನ್ರಿ.’ ಅಕ್ಕಾರ ಎನ್ನಲಿಲ್ಲ. ಗೇಟಿನ ಚಿಲಕ ಹಾಕಿದ ಸದ್ದು ಕೇಳಿತು.

ಸೊಪ್ಪು ಮಂಚದ ಮೇಲೆ ಅಲ್ಲೇ ಇತ್ತು, ದಾರ ಅರ್ಧ ಬಿಚ್ಚಿತ್ತು. ಕ್ರಿಸ್ಟೀನಾಳ ಇಂಜೆಕ್ಷನ್ ಇನ್ನೂ ಆಗಿರಲಿಲ್ಲ. ನಾಳೆ ಡಾಕ್ಟರು ಏನು ಹೇಳುತ್ತಾರೋ, ಫೈಲು ಮುಚ್ಚುತ್ತಾರೋ ತೆರೆದಿಡುತ್ತಾರೋ, ಇವತ್ತಿನದು ಇವತ್ತೇ ಆಗಬೇಕು. ತನ್ನ ಪೆನ್ನು ತೆಗೆದುಕೊಂಡು ಮಂಚದ ಅದೇ ಅಂಚಿನಲ್ಲಿ ಕೂತಳು. ಗುಂಡಿ ತಿರುಗಿಸುತ್ತ, ಯಾರೋ ಗೋಡೆಯ ಕಡೆ ಮುಖ ಮಾಡಿಕೊಂಡು ಕೇಳುತ್ತಿದ್ದಾರೆ ಎಂಬಂತೆ, ಗಟ್ಟಿಯಾಗಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕರಲ್ಲಿ ಬೆರಳು ನಿಂತಿತು. ಮತ್ತೆ ತಿರುಗಿಸುತ್ತ ಹನ್ನೆರಡರವರೆಗೆ ಎಣಿಸಿದಳು.